ಹೆಸರಿನ ಸಮೇತ ಬಂದ ನಾಯಿ

ಧಾರವಾಡದಲ್ಲಿ ಯಾವುದಾದರೂ ನಾಯಿ ಡಾಕ್ಟರ ಬಾಗಿಲಲ್ಲಿ ನಿಂತು "ಬ್ರೂನೋ" ಅಂತ ಒಮ್ಮೆ ಕೂಗಿ ನೋಡಿ. ಒಂದೊಂದು ಬೆಂಚಿನಿಂದ ಒಬ್ಬೊಬ್ಬರು ಎದ್ದು, ಬೆಲ್ಟು ಎಳೆದುಕೊಂಡು ಬರುತ್ತಾರೆ. ಕಂಪೌಂಡರ್ ರೋಸಿಹೋಗಿ ಈಗ ಮಾಲೀಕರ ಅಡ್ಡಹೆಸರು ಸೇರಿಸಿಯೇ ಕೂಗುತ್ತಾನೆ: "ಬ್ರೂನೋ ಕುಲಕರ್ಣಿ! ಬ್ರೂನೋ ಹಿರೇಮಠ!" ನಾವು ಚಿಕ್ಕವರಿದ್ದಾಗ ಟಾಮಿ, ಜಿಮ್ಮಿ, ಟೈಗರ್‌ಗಳ ಕಾಲ. ಆಮೇಲೆ ರಾಕಿ ಬಂದ. 2022ರಲ್ಲಿ '777 ಚಾರ್ಲಿ' ತೆರೆಕಂಡ ಮೇಲೆ ನಮ್ಮ ಓಣಿಯಲ್ಲೂ ಚಾರ್ಲಿಗಳು ಕಾಣಿಸಿಕೊಂಡವು. ಸಿನಿಮಾದ ಚಾರ್ಲಿ ಹೆಣ್ಣು, ಓಣಿಯವೆಲ್ಲ ಗಂಡು. ಅದರ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿಲ್ಲ.

ನಮ್ಮ ಮನೆಗೆ ಬಂದವನೂ ಬ್ರೂನೋನೇ. ಹುಬ್ಬಳ್ಳಿಯ ಒಂದು ಕುಟುಂಬ ಕೆನಡಾಕ್ಕೆ ಹೊರಟಿತ್ತು, ನಾಯಿಯನ್ನು ಒಯ್ಯುವ ಅನುಕೂಲ ಇರಲಿಲ್ಲ. ಅವನ ಜೊತೆ ಒಂದು ಸ್ಟೀಲ್ ಬೋಗುಣಿ, ಹಳೆಯ ಚಾದರ, ಲಸಿಕೆಯ ಪುಸ್ತಕ, ಕಚ್ಚಿ ಕಚ್ಚಿ ಒಂದು ಕಡೆ ಚಪ್ಪಟೆಯಾದ ರಬ್ಬರ್ ಚೆಂಡು ಬಂದವು. ಆ ಮನೆಯ ಹುಡುಗಿ ನೋಟ್‌ಬುಕ್ಕಿನ ಹಾಳೆ ಹರಿದು ಬರೆದುಕೊಟ್ಟಿದ್ದಳು: ಮೊಸರನ್ನ ಇಷ್ಟ, ಪಟಾಕಿ ಅಂದರೆ ಹೆದರಿಕೆ, ಗ್ಯಾಸ್ ಸಿಲಿಂಡರ್ ತರುವವರನ್ನು ಕಂಡರೆ ಆಗೋದಿಲ್ಲ, ಹೆಸರು ಬ್ರೂನೋ, ಮುದ್ದು ಬಂದಾಗ ಬ್ರೂನಪ್ಪ. ಕೆಳಗೆ ಸಹಿ ಬೇರೆ.

ಹಾಳೆಯನ್ನು ಫ್ರಿಜ್ಜಿನ ಮೇಲೆ ಅಂಟಿಸುವಷ್ಟರಲ್ಲಿ ಮನೆಯಲ್ಲಿ ಹೊಸ ಹೆಸರಿನ ಚರ್ಚೆ ಶುರುವಾಗಿತ್ತು. ಮಗನಿಗೆ 'ಥಾರ್' ಬೇಕು. ನನ್ನ ತಮ್ಮ 'ಭೈರವ' ಅಂದ, ನಾಯಿ ಭೈರವನ ವಾಹನವಾದ್ದರಿಂದ ಅದೇ ಸರಿ ಅಂತ. ವಾಹನಕ್ಕೆ ಸವಾರನ ಹೆಸರು ಇಡುವುದು ಯಾವ ನ್ಯಾಯವೋ. ಅಷ್ಟು ಹೊತ್ತೂ ನಾಯಿ ಬಾಗಿಲಿಗೆ ಮುಖ ಮಾಡಿ ಕೂತಿತ್ತು.

ಹೆಸರು ನಾಯಿಗೆ ಎಷ್ಟರಮಟ್ಟಿಗೆ ತಿಳಿಯುತ್ತದೆ ಅನ್ನುವುದು ಮೊದಲ ಪ್ರಶ್ನೆ. ಅಮೆರಿಕದ ಚೇಸರ್ ಎಂಬ ಬಾರ್ಡರ್ ಕೋಲಿ ಸಾವಿರಕ್ಕೂ ಹೆಚ್ಚು ಆಟಿಕೆಗಳನ್ನು ಹೆಸರು ಹಿಡಿದು ಹೆಕ್ಕಿ ತರುತ್ತಿತ್ತು. ಅದನ್ನು ಕಲಿಸಿದ ಪ್ರಾಧ್ಯಾಪಕ ಜಾನ್ ಪಿಲ್ಲಿ 2011ರಲ್ಲಿ ಪ್ರಕಟಿಸಿದ ಲೆಕ್ಕ 1,022. ಅಷ್ಟು ಹೆಸರು ಹೊರುವ ತಲೆಗೆ ತನ್ನದೇ ಇನ್ನೊಂದು ಹೆಸರು ಭಾರವಾದೀತೆ? ಬೆಕ್ಕಿನ ಮಾತೇ ಬೇರೆ. ಜಪಾನಿನ ಅತ್ಸುಕೊ ಸೈಟೊ ಮತ್ತು ಸಂಗಡಿಗರು 2019ರಲ್ಲಿ ತೋರಿಸಿದ ಹಾಗೆ, ಅದೇ ಉದ್ದದ, ಅದೇ ಒತ್ತಿನ ಬೇರೆ ಮಾತುಗಳ ನಡುವೆ ತನ್ನ ಹೆಸರು ಬಂದಾಗ ಬೆಕ್ಕು ಕಿವಿ ಹೊರಳಿಸುತ್ತದೆ. ಎದ್ದು ಬರುತ್ತದೆ ಅಂತ ಮಾತ್ರ ಅವರೂ ಹೇಳಲಿಲ್ಲ. ಬೆಕ್ಕುಗಳನ್ನೇ ಸಾಕಿಕೊಂಡು ಚಹಾ ಮಾರುವ ಅಲ್ಲಿನ ಅಂಗಡಿಗಳಲ್ಲಿ ಬೆಕ್ಕಿಗೆ ತನ್ನ ಹೆಸರೂ ಒಂದೇ, ಜೊತೆಯವರ ಹೆಸರೂ ಒಂದೇ ಆಗಿತ್ತಂತೆ. ದಿನವಿಡೀ ಗಿರಾಕಿಗಳು ಬಾಯಿಗೆ ಬಂದಂತೆ ಕರೆಯುವಲ್ಲಿ ಇನ್ನೇನಾದೀತು?

ಕೆಲವೊಮ್ಮೆ ಹೆಸರು ಬದಲಿಸುವುದು ಸರ್ಕಾರದ ಕೆಲಸವೂ ಆಗುತ್ತದೆ. 2022ರ ಸೆಪ್ಟೆಂಬರಿನಲ್ಲಿ ನಮೀಬಿಯಾದಿಂದ ಮಧ್ಯಪ್ರದೇಶದ ಕುನೊಗೆ ಬಂದ ಚೀತಾಗಳ ಪೈಕಿ ಸಿಯಾಯಾ ಜ್ವಾಲಾ ಆಯಿತು, ಸವಾನ್ನಾ ನಭಾ ಆಯಿತು. ಹೆಸರು ಸೂಚಿಸಿ ಎಂದು ಜನರಿಗೆ ಸ್ಪರ್ಧೆಯನ್ನೇ ಇಟ್ಟಿದ್ದರು. ಚೀತಾ ಯಾರು ಕರೆದರೂ ಬರುವ ಪ್ರಾಣಿಯಲ್ಲ. ಹಾಗಾಗಿ ಆ ಹೆಸರುಗಳು ಪೂರ್ತಿ ನಮ್ಮ ಸಂತೋಷಕ್ಕೆ.

ಬ್ರೀಡರ್ ಹತ್ತಿರ ತಂದ ಎಳೇ ಮರಿಯಾದರೆ ತಕರಾರೇ ಇಲ್ಲ. ಅಲ್ಲಿ ಮರಿಗಳಿಗೆ ಇರುವುದು ಕೊರಳಿನ ರಿಬ್ಬನ್ನಿನ ಬಣ್ಣ: ಕೆಂಪು ಗಂಡು, ಹಳದಿ ಹೆಣ್ಣು. ಕೆನಲ್ ಕ್ಲಬ್ಬಿನ ಕಾಗದದಲ್ಲಿ ಮಾತ್ರ ಕೆನಲ್ಲಿನ ಹೆಸರನ್ನು ಮುಂದಿಟ್ಟುಕೊಂಡು, ರೇಸ್ ಕುದುರೆಗೂ ಹೆಚ್ಚೆನಿಸುವ ಉದ್ದದ ಇಂಗ್ಲಿಷ್ ಹೆಸರು ಇರುತ್ತದೆ. ಪರಿಚಯದವರೊಬ್ಬರ ಡ್ಯಾಶ್‌ಹೌಂಡಿನ ಕಾಗದ ನೋಡಿದೆ. ನೆಲದಿಂದ ಗೇಣೆತ್ತರದ ಪ್ರಾಣಿ, ಹೆಸರಿನಲ್ಲಿ ಒಬ್ಬ ಚಕ್ರವರ್ತಿ ಮತ್ತು ಒಂದು ಬಿರುಗಾಳಿ. ಮನೆಯಲ್ಲಿ ಕರೆಯುವುದು 'ಗುಂಡ್ಯಾ'. ಕಾಗದದ ಹೆಸರು ಅದರ ಪಾಡಿಗೆ ಬೀರುವಿನಲ್ಲಿದೆ.

ತೊಡಕು ಇರುವುದು ಬೆಳೆದ ನಾಯಿಯದು, ಇನ್ನೊಬ್ಬರ ಅಂಗಳದಲ್ಲಿ ಹೆಸರು ಪಡೆದು ಬಂದದ್ದರದು. ಹಳ್ಳಿಯಲ್ಲಿ ದನಗಳ ವಿಷಯದಲ್ಲಿ ಇದನ್ನು ಎಂದೋ ಬಗೆಹರಿಸಿಕೊಂಡಿದ್ದಾರೆ. ಕೆಂಪಿ, ಬೆಳ್ಳಿ, ಕಾಳಿ ಅಂತ ಮೈಬಣ್ಣ ನೋಡಿ ಹೆಸರಿಟ್ಟರೆ, ಸಂತೆಯಲ್ಲಿ ಹಗ್ಗ ಕೈ ಬದಲಾದರೂ ಹೊಸ ಮಾಲೀಕ ಅದೇ ಹೆಸರನ್ನು ತಾನೇ ಕಂಡುಹಿಡಿದವನಂತೆ ಕರೆಯುತ್ತಾನೆ. ಕಿವಿಯ ಹಳದಿ ಬಿಲ್ಲೆಯಲ್ಲಿ ಈಗ 12 ಅಂಕಿಗಳ ಸಂಖ್ಯೆಯೂ ಇದೆ, ಆದರೆ ಅದನ್ನು ಕೂಗಿ ಹಟ್ಟಿಗೆ ಕರೆದವರನ್ನು ನಾನು ಕಂಡಿಲ್ಲ. ತೇಜಸ್ವಿಯವರು 'ಕರ್ವಾಲೊ'ದ ನಾಯಿಗೆ 'ಕಿವಿ' ಅಂತ ಇಟ್ಟದ್ದೂ ಈ ಜಾಡೇ. ಕಣ್ಣಿಗೆ ಮೊದಲು ಬೀಳುವುದೇ ಹೆಸರು. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಂತೂ ಲೆಕ್ಕ ತಿರುವುಮುರುವು. ಹುಲಿಯ ಎಂಬ ನಾಯಿಯ ಒಡೆಯ ಗುತ್ತಿ. ಆದರೆ ಅವನು ಊರ ಬಾಯಲ್ಲಿ ನಾಯಿಗುತ್ತಿಯಾದದ್ದು ಹುಲಿಯನ ದೆಸೆಯಿಂದ.

ಬ್ರೂನೋಗೆ ಬಣ್ಣವೂ ನೆರವಾಗಲಿಲ್ಲ, ಕಿವಿಯೂ ನೆರವಾಗಲಿಲ್ಲ. ಆಗ ಮಾತಾಡಿದವಳು ನಮ್ಮ ಅತ್ಯಾ, ಅಪ್ಪನ ಅಕ್ಕ. ಈ ವಿಷಯದಲ್ಲಿ ಅವಳಿಗಿಂತ ಅನುಭವಸ್ಥರು ನಮ್ಮ ಮನೆಯಲ್ಲಿ ಇಲ್ಲ. ತವರಿನಲ್ಲಿ ಅವಳು ತುಂಗಾ. ಮದುವೆಯ ದಿನ ಮಾಮಾ ಹರಿವಾಣದ ಅಕ್ಕಿಯಲ್ಲಿ ಉಂಗುರದಿಂದ ಬರೆದದ್ದು ಸುಶೀಲಾ. ನಮ್ಮ ಕಡೆ ಆಗ ಅದೇ ರೂಢಿ. ಮುಹೂರ್ತಕ್ಕೆ ಮುಂಚೆ ಒಂದು ಹೆಸರು, ಊಟಕ್ಕೆ ಕೂರುವ ಹೊತ್ತಿಗೆ ಇನ್ನೊಂದು. ರೇಷನ್ ಕಾರ್ಡು, ಬ್ಯಾಂಕಿನ ಪುಸ್ತಕ, ಮಕ್ಕಳ ಮದುವೆ ಪತ್ರಿಕೆ ಎಲ್ಲೆಲ್ಲೂ ಸುಶೀಲಾ. ಮಕ್ಕಳಾದ ನಮಗೆ ಇನ್ನೊಂದು ಹೆಸರು ಇದೆ ಎಂದೇ ಗೊತ್ತಿರಲಿಲ್ಲ. ಅವಳ ತೌರೂರಿನ ಗೆಳತಿಯೊಬ್ಬರು ಒಂದು ಸಲ ಬಂದು, ಪಡಸಾಲೆಯಲ್ಲಿ ಚಪ್ಪಲಿ ಬಿಡುತ್ತಲೇ "ತುಂಗಾ, ಎಲ್ಲಿದ್ದೀಯೇ?" ಅಂದರು. ಒಳಗಿನಿಂದ ಅತ್ಯಾ ಸೌಟು ಹಿಡಿದುಕೊಂಡೇ ಓಡಿ ಬಂದಳು, ಸಾರು ನೆಲಕ್ಕೆಲ್ಲ ತೊಟ್ಟಿಕ್ಕಿತು. ಅತ್ಯಾ ಓಡಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಇಂಥವಳು ನಾಯಿಯ ಪರ ವಾದಿಸುತ್ತಾಳೆ, ಹೆಸರು ಬದಲಿಸಲೇಬೇಡಿ ಅನ್ನುತ್ತಾಳೆ ಅಂತ ನಾನು ಎಣಿಸಿದ್ದೆ. ಅವಳು ಅಂದದ್ದೇ ಬೇರೆ. "ಇಡ್ರಿ, ಹೊಸಾ ಹೆಸರು ಬೇಕಾದಷ್ಟ ಇಡ್ರಿ. ಸುಶೀಲಾ ಅಂತ ಕರದ್ರ ನನಗೇನ ಮುಳ್ಳ ಚುಚ್ಚಲಿಲ್ಲ. ಆದ್ರ ನಮ್ಮವ್ವ ಬಂದಾಗ ತುಂಗಾ ಅಂತ ಕರೀಬಾರದು ಅಂದ್ರು ನೋಡು ನಮ್ಮ ಅತ್ತಿಯವರು, ಅದು ಚುಚ್ಚಿತು." ಆಮೇಲೆ ಫ್ರಿಜ್ಜಿನ ಕಡೆ ಕೈ ತೋರಿಸಿ, "ಆ ಹುಡುಗಿ ಫೋನ್ ಮಾಡಿದಾಗ ಏನಂತ ಕರೀಬೇಕು ಅಕಿ?" ಅಂದಳು.

ಹೆಸರಿನ ಮಟ್ಟಿಗೆ ಜಿಪುಣತನ ನಮ್ಮ ಸ್ವಭಾವವೂ ಅಲ್ಲ. ನಾಮಕರಣದಲ್ಲಿ ಮಗುವಿಗೆ ಮಾಸದ ಹೆಸರು, ನಕ್ಷತ್ರದ ಹೆಸರು, ಕುಲದೇವರ ಹೆಸರು, ವ್ಯವಹಾರದ ಹೆಸರು ಅಂತ ಸಾಲಾಗಿ ಕಿವಿಯಲ್ಲಿ ಹೇಳಿ, ಕೊನೆಗೆ 'ಪುಟ್ಟ್ಯಾ' ಅಂತ ಕರೆಯುವ ಜನ ನಾವು. ನಾಯಿಗೆ ಒಂದು ಹೆಸರು ಕೂಡಿಸುವುದು ದೊಡ್ಡದಲ್ಲ, ಇದ್ದದ್ದನ್ನು ಅಳಿಸುವ ಹಟ ಯಾಕೆ ಅನ್ನುವುದೇ ನನ್ನ ಪ್ರಶ್ನೆ. ಹಳೆಯ ಹೆಸರು ಹಿಡಿಸಲಿಲ್ಲ ಅನ್ನುವವರ ದನಿಯಲ್ಲಿ ಅನೇಕ ಸಲ ನನಗೆ ಕೇಳಿಸುವುದು ಇನ್ನೊಂದು ಮಾತು: ಇದನ್ನು ನಮಗಿಂತ ಮುಂಚೆ ಬೇರೆಯವರೂ ಪ್ರೀತಿಸಿದ್ದರು ಅನ್ನುವುದು ನೆನಪಾಗದಿರಲಿ.

ಪ್ರೀತಿಸಿಯೇ ಇರದಿದ್ದರೆ? ಅಳಿಸಲೇಬೇಕಾದ ಹೆಸರುಗಳೂ ಇರುತ್ತವೆ. ನಮ್ಮ ಹಿಂದಿನ ಓಣಿಯವರು ತೋಟದ ಮನೆಯೊಂದರಿಂದ ಬಿಡಿಸಿ ತಂದ ನಾಯಿಯ ಹೆಸರು ಟೈಗರ್. ಆ ಹೆಸರು ಕೇಳಿದೊಡನೆ ಹೊಟ್ಟೆ ನೆಲಕ್ಕೆ ಅಂಟಿಸಿ, ಬಾಲ ಒಳಗೆ ಸೇರಿಸಿ, ಮಂಚದ ಕೆಳಗೆ ನುಸುಳುತ್ತಿತ್ತು. ಹೆಸರಿನ ಬೆನ್ನಿಗೇ ಅಲ್ಲಿ ಬಡಿಗೆ ಬರುತ್ತಿದ್ದಿರಬೇಕು. ಅವರು ಆ ಹೆಸರನ್ನು ಮತ್ತೆ ನಾಲಿಗೆಯ ಮೇಲೆ ತರಲಿಲ್ಲ. 'ಸೋನು' ಅಂತ ಮೆಲ್ಲಗೆ ಅನ್ನುವುದು, ರೊಟ್ಟಿಯ ಚೂರು ಕೊಡುವುದು. ಮತ್ತೆ ಅನ್ನುವುದು, ಮತ್ತೆ ಕೊಡುವುದು. ಮೊದಮೊದಲು ಅದು ನೋಡುತ್ತಿದ್ದದ್ದು ಬಾಯನ್ನಲ್ಲ, ಕೈಯನ್ನು. ಕೆಲವು ದಿನಕ್ಕೆ ರೊಟ್ಟಿ ಇಲ್ಲದೆಯೂ ಕತ್ತೆತ್ತತೊಡಗಿತು. ಬೈಯುವಾಗ ಆ ಹೆಸರು ಹಿಡಿಯಬಾರದು ಅಂತ ಮಕ್ಕಳಿಗೂ ತಾಕೀತು ಮಾಡಿದ್ದರು. ಮಕ್ಕಳು ಪಾಲಿಸಿದರು. ಅಜ್ಜ ಪಾಲಿಸಲಿಲ್ಲ, ಆದರೆ ಅಜ್ಜ ಎಲ್ಲರನ್ನೂ ಬೈಯುವುದು 'ಮಂಗ್ಯಾ' ಅಂತಲೇ ಆದ್ದರಿಂದ ಹಾನಿಯಾಗಲಿಲ್ಲ.

ನಮ್ಮ ಕಡೆ ಹೆಸರು ಬದಲಿಸಲು ಇನ್ನೂ ಒಂದು ಬಲವಾದ ಕಾರಣವಿದೆ: ಹಿರಿಯರ ಹೆಸರು. ಅತ್ಯಾನ ಪಕ್ಕದ ಮನೆಯ ಕಾಕೂ ಒಂದು ಮುಧೋಳ ನಾಯಿ ತರಿಸಿಕೊಂಡರು. ಬಾಗಲಕೋಟೆ ಕಡೆಯ ರೈತರೊಬ್ಬರು ಸಾಕಿದ್ದು, ಬಿಲ್ಲಿನಂಥ ಬೆನ್ನು, ಉದ್ದನೆಯ ಮೋರೆ, ಹೆಸರು ರಾಜಾ. ಕಾಕಾನ ಹೆಸರು ರಾಜಾರಾಮ. ಕಾಕೂ ಮದುವೆಯಾದಾಗಿನಿಂದ ಗಂಡನ ಹೆಸರು ಹಿಡಿದವರಲ್ಲ. 'ರಾಜಾ ರಾಣಿ' ಅನ್ನುವ ಕಡೆ 'ಅರಸ ರಾಣಿ' ಅಂದುಕೊಂಡೇ ಮೊಮ್ಮಕ್ಕಳಿಗೆ ಕತೆ ಹೇಳಿದವರು. ನಾಯಿಗೆ ಬೇರೆ ಹೆಸರಿಡೋಣ ಅಂದರೆ ಅದು ರಾಜಾ ಬಿಟ್ಟು ಬೇರೆ ಏನಂದರೂ ತಿರುಗಿ ನೋಡಲೊಲ್ಲದು. ಕಾಕಾನಿಗೆ ಮಾತ್ರ ತುಂಬಾ ಖುಷಿ, ಬೇಕಂತಲೇ ಅಂಗಳದಲ್ಲಿ ನಿಂತು "ರಾಜಾ, ರಾಜಾ" ಅಂತ ದೊಡ್ಡದಾಗಿ ಕರೆಯುತ್ತಿದ್ದರು. ಕೊನೆಗೆ ಕಾಕೂ ತಮ್ಮದೇ ದಾರಿ ಹುಡುಕಿಕೊಂಡರು. ಈಗ ಅಡುಗೆಮನೆಯ ಕಿಟಕಿಯಿಂದ "ಇಲ್ಲೆ ಕೇಳಸ್ತದನೂ?" ಅನ್ನುತ್ತಾರೆ, ಅಷ್ಟೇ. ನಾಯಿಯೂ ಬರುತ್ತದೆ, ಕಾಕಾನೂ ಬರುತ್ತಾರೆ. ಯಾರು ಬೇಕಾಗಿದ್ದರು ಅನ್ನುವುದು ಕಾಕೂ ಕೈಯಲ್ಲಿ ಇರುವುದು ಚಹಾದ ಕಪ್ಪೋ ಅನ್ನದ ಬೋಗುಣಿಯೋ ಎಂಬುದರ ಮೇಲೆ ತೀರ್ಮಾನವಾಗುತ್ತದೆ.