ನೂರಾ ಹತ್ತರ ಡಬ್ಬಿ

ನಮ್ಮ ಮನೆಯ ಅಟ್ಟದ ಮೇಲೆ ಒಂದು ಡಬ್ಬಿಯಿದೆ. ಇಟ್ಟಿಗೆಯಷ್ಟು ಗಾತ್ರ, ಇಟ್ಟಿಗೆಗಿಂತ ಹೆಚ್ಚು ತೂಕ. ಗೋಡೆಯ ಪ್ಲಗ್ಗಿನಿಂದ ಬಂದ ಕರೆಂಟನ್ನು ಅರ್ಧಕ್ಕೆ ಇಳಿಸಿ ಅಮೆರಿಕದ ಯಂತ್ರಗಳಿಗೆ ಉಣಿಸುವುದು ಅದರ ಉದ್ಯೋಗ. ಹೆಸರು ಟ್ರಾನ್ಸ್‌ಫಾರ್ಮರ್ ಆದರೂ ನಮ್ಮ ಮನೆಯಲ್ಲಿ ಅದು 'ನೂರಾ ಹತ್ತರ ಡಬ್ಬಿ'.

2008ರಲ್ಲಿ ತಂಗಿ ಅಮೆರಿಕದಿಂದ ದಾವಣಗೆರೆಗೆ ಬಂದಾಗ ಅಪ್ಪನಿಗೆಂದು ನೆಬ್ಯುಲೈಸರ್ ತಂದಿದ್ದಳು. ಔಷಧದ ನೀರನ್ನು ಗಾಳಿಯ ಒತ್ತಡದಿಂದ ಮಂಜು ಮಾಡಿ ಉಸಿರಿಗೆ ಕೊಡುವ ಯಂತ್ರ. ಅಪ್ಪ ಹತ್ತಿ ಮಿಲ್ಲೊಂದರಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದವರು. ವಾರದ ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನವೇ ಎದೆ ಬಿಗಿಯುತ್ತಿತ್ತಂತೆ. ಹತ್ತಿಯ ದೂಳಿನಿಂದ ಬರುವ ಈ ಕಾಯಿಲೆಗೆ ಬಿಸಿನೋಸಿಸ್ ಎಂಬ ಹೆಸರಿದೆಯೆಂದು ನಮಗೆ ತಿಳಿದದ್ದು ಅವರು ನಿವೃತ್ತರಾದ ಮೇಲೆ. ಊರಿನ ಮಿಲ್ಲುಗಳ ಸೈರನ್ನು ನಿಂತರೂ ಅಪ್ಪನ ಎದೆಯ ಸಿಳ್ಳು ನಿಲ್ಲಲಿಲ್ಲ.

ಯಂತ್ರದ ಬೆನ್ನಿಗೆ 120 ವೋಲ್ಟ್, 60 ಸೈಕಲ್ ಎಂದು ಬರೆದಿತ್ತು. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ವೋಲ್ಟನ್ನು ಮಾತ್ರ ಓದಿ, ಅಂಗಡಿಯಿಂದ 300 ವಾಟಿನ ಡಬ್ಬಿ ತಂದೆ. ಸರಸ್ವತಿ ನಗರದ ನಮ್ಮ ಮನೆಯಲ್ಲಿ ಯಂತ್ರ ಗುರ್ರೆಂದಿತು, ಮಂಜು ಬಂತು. ತಂಗಿ ಕಣ್ಣೊರೆಸಿಕೊಂಡು ವಿಮಾನ ಹತ್ತಿದಳು.

ಹದಿನೈದು ದಿನಕ್ಕೆ ತಕರಾರು ಶುರುವಾಯಿತು. ಸಂಜೆ ಏಳಕ್ಕೆ ನೆಟ್ಟಗೆ ನಡೆಯುವ ಯಂತ್ರ ರಾತ್ರಿ ಹನ್ನೊಂದರ ಮೇಲೆ ಏಳೆಂಟು ನಿಮಿಷಕ್ಕೆ ಕಾದು ತಾನಾಗಿ ನಿಂತುಬಿಡುತ್ತಿತ್ತು. ಉಬ್ಬಸ ಬರುವುದೂ ಆ ಹೊತ್ತಿಗೇ. ಅರ್ಧ ಔಷಧ ಬಟ್ಟಲಲ್ಲೇ ಉಳಿಯುತ್ತಿತ್ತು. ರಿಪೇರಿಯವನು ಬಂದು, "ಡಬ್ಬಿ ಸಣ್ಣದಾತು ಸರ್, 500 ವಾಟಿಂದು ಹಾಕ್ರಿ" ಎಂದ. ಹಾಕಿದೆ. ಭಾರ ಹೆಚ್ಚಿತು, ಗುಣ ಕಾಣಲಿಲ್ಲ.

ಅಪ್ಪ ಒಂದು ರಾತ್ರಿ ಮೊದಲು ಡಬ್ಬಿಯ ಮೇಲೆ, ಆಮೇಲೆ ಯಂತ್ರದ ಮೇಲೆ ಅಂಗೈ ಇಟ್ಟು ನೋಡಿದರು. ಮಾತಾಡಲು ಉಸಿರು ಸಾಲದಿದ್ದರೂ ಹೇಳಿದರು: "ಡಬ್ಬಿ ತಣ್ಣಗೈತಿ. ಬಿಸಿ ಆಗಿರೋದು ಮೋಟ್ರು. ಅದಕ್ಕ ಏನು ಹೋಗಾಕ್ಹತ್ತೈತಿ ಅಳದು ನೋಡಲೇ."

ನಮ್ಮ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರಿಂದ ಮೀಟರು ಬೇಡಿ ತಂದೆ. ಸಂಜೆ, ಕೇರಿಯ ಪಂಪುಗಳೂ ಟಿವಿಗಳೂ ನಡೆಯುವ ಹೊತ್ತಿಗೆ, ಗೋಡೆಯಲ್ಲಿ 205, ಡಬ್ಬಿಯ ಬಾಯಲ್ಲಿ 102. ರಾತ್ರಿ ಹನ್ನೊಂದೂವರೆಗೆ ಎಲ್ಲರೂ ಸ್ವಿಚ್ಚು ಆರಿಸಿ ಮಲಗಿದ ಮೇಲೆ ಗೋಡೆಯಲ್ಲಿ 251, ಡಬ್ಬಿಯಲ್ಲಿ 125. ಡಬ್ಬಿ ಪ್ರಾಮಾಣಿಕ, ಕೊಟ್ಟದ್ದನ್ನು ಅರ್ಧ ಮಾಡಿ ಕೊಡುತ್ತದೆ, ಹೆಚ್ಚೋ ಕಡಿಮೆಯೋ ಎಂದು ವಿಚಾರಿಸುವುದಿಲ್ಲ. ಅದು ಸ್ಟೆಬಿಲೈಸರ್ ಅಲ್ಲ.

ಆದರೂ ನನಗೆ ಅನುಮಾನ. 120ರ ಯಂತ್ರಕ್ಕೆ 125 ಅಷ್ಟು ಭಾರವೆ? ಮೇಷ್ಟ್ರು ನಕ್ಕರು. ಅಮೆರಿಕದ ಕರೆಂಟು ಸೆಕೆಂಡಿಗೆ 60 ಸಲ ಹೋಗಿಬರುತ್ತದೆ, ನಮ್ಮದು 50 ಸಲ. ಡಬ್ಬಿ ವೋಲ್ಟನ್ನು ಬದಲಿಸೀತು, ಸೈಕಲ್ಲನ್ನು ಮುಟ್ಟಲಾರದು. ಸೈಕಲ್ಲು ಇಳಿದರೆ ವೋಲ್ಟೂ ಅದೇ ಲೆಕ್ಕದಲ್ಲಿ ಇಳಿಯಬೇಕು. ಇಲ್ಲದಿದ್ದರೆ ಮೋಟರಿನ ಕಬ್ಬಿಣದಲ್ಲಿ ತಾಳಲಾರದಷ್ಟು ಕಾಂತತ್ವ ತುಂಬಿ, ಅದು ಹೆಚ್ಚು ಕರೆಂಟು ಎಳೆದು ಕಾಯುತ್ತದೆ. 60ಕ್ಕೆ 120 ಆದರೆ 50ಕ್ಕೆ ನೂರೇ ಸರಿ. ಹಾಗಾಗಿ ಸಂಜೆಯ 102 ನಮ್ಮ ಪಾಲಿಗೆ ಒದಗಿದ ಅದೃಷ್ಟ. ಎಲ್ಲರೂ ಶಪಿಸುವ ಲೋ ವೋಲ್ಟೇಜಿನಿಂದ ನಮ್ಮಪ್ಪ ಉಸಿರಾಡುತ್ತಿದ್ದರು! 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹರಿದ ವಿದ್ಯುತ್ತು 25 ಸೈಕಲ್ಲಿನದಂತೆ. ಈ ಯಂತ್ರ ಆಗ ಬಂದಿದ್ದರೆ ಏನು ಗತಿಯಾಗುತ್ತಿತ್ತೋ.

ನಮ್ಮ ಕರೆಂಟಿನ ಯಂತ್ರವೇ ಔಷಧದಂಗಡಿಯಲ್ಲಿ ಸಿಗುತ್ತದೆ, ತರೋಣವೆಂದೆ. ಅಪ್ಪ ಕೇಳಲಿಲ್ಲ. "ಆಕಿ ಅಷ್ಟು ದೂರದಿಂದ ಹೊತ್ಕಂಡು ಬಂದಾಳ. ಇದು ನಡೆಯಂಗಿಲ್ಲ ಅಂತ ಹೆಂಗ ಹೇಳ್ಲಿ?" ಫ್ರಿಜ್ಜಿನ ಸ್ಟೆಬಿಲೈಸರನ್ನು ಡಬ್ಬಿಯ ಮುಂದೆ ಕಟ್ಟಿದೆ. ಅದು 230ಕ್ಕೆ ತಂದು ನಿಲ್ಲಿಸಿತು, ಡಬ್ಬಿಯಿಂದ 115. ಏಳು ನಿಮಿಷ ಹೋಗಿ ಹನ್ನೆರಡಾಯಿತು. ನಾನು ಗೆದ್ದೆನೆಂದುಕೊಂಡೆ.

ಗೆದ್ದಿರಲಿಲ್ಲ. ಕಾರ್ತಿಕದ ಒಂದು ರಾತ್ರಿ ಒಂದು ಗಂಟೆಗೆ ಅಪ್ಪನಿಗೆ ಎಂದಿಗಿಂತ ಜೋರಾಗಿ ಬಂತು. ಒಂದು ಡೋಸು ಮುಗಿಸಿ ಎರಡನೆಯದಕ್ಕೆ ಸ್ವಿಚ್ಚು ಹಾಕಿದರೆ ಕಾದ ಯಂತ್ರ ಏಳಲಿಲ್ಲ. ಅದು ತಣ್ಣಗಾಗಲೆಂದು ಅಮ್ಮ ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದಳು, ಅಪ್ಪನಿಗಲ್ಲ, ಯಂತ್ರಕ್ಕೆ. ಅದನ್ನು ಕಂಡು ನನಗೆ ಬುದ್ಧಿ ಬಂತು. ಓಡಿ ಆಟೋ ತಂದೆ. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅಪ್ಪನ ಉಗುರು ನೀಲಿಯಾಗಿತ್ತು.

ನಾಲ್ಕನೆಯ ದಿನ ಮನೆಗೆ ಬಂದರು. ಅಷ್ಟರಲ್ಲಿ 230 ವೋಲ್ಟಿನ ಯಂತ್ರ ಅವರ ಮಂಚದ ಪಕ್ಕ ಕೂತಿತ್ತು. ಅಪ್ಪ ನೋಡಿದರು, ಬೆಲೆ ಕೇಳಿದರು, ಸುಮ್ಮನಾದರು. ಹಳೆಯದನ್ನು ಮಾತ್ರ ಅಟ್ಟಕ್ಕೆ ಹಾಕಗೊಡಲಿಲ್ಲ.

ಭಾನುವಾರ ಸಂಜೆ ಏಳಕ್ಕೆ ತಂಗಿಯ ಫೋನು ಬರುವುದು ವಾಡಿಕೆ. ಐದು ನಿಮಿಷ ಮುಂಚೆ ಅಪ್ಪ ಕರೆಯುತ್ತಿದ್ದರು: "ಲೇ, ಓಲ್ಟೇಜು ಎಷ್ಟೈತಿ ನೋಡು." ನಾನು ಮೀಟರು ಚುಚ್ಚಿ 204 ಎಂದರೆ ಡಬ್ಬಿಯ ಸ್ವಿಚ್ಚು ಹಾಕಿಸಿ, ಗುರ್ರೆನ್ನುವ ಯಂತ್ರವನ್ನು ಫೋನಿನ ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರು.