ಕೆಂಚಾರ್ಲಹಳ್ಳಿಯಲ್ಲಿ ಎರಡು ಲೆಕ್ಕದ ಮಗು

ಚಿಂತಾಮಣಿಯಲ್ಲಿ ಬಸ್ಸು ಬದಲಾಯಿಸಿ ಕೆಂಚಾರ್ಲಹಳ್ಳಿ ಕಡೆಗೆ ಹೊರಟರೆ ಕಿಟಕಿಯಾಚೆ ಕಾಣುವುದು ಬಂಡೆಗುಡ್ಡ, ಹುಣಸೆಮರ, ಟೊಮೆಟೊ ತೋಟ, ನಡುನಡುವೆ ಹಿಪ್ಪುನೇರಳೆ. ವರ್ಷವಿಡೀ ಹರಿಯುವ ಹೊಳೆ ಇಲ್ಲದ ಸೀಮೆ ಇದು. ಕೆರೆ ತುಂಬಿದರೆ ಹಬ್ಬ, ಇಲ್ಲದಿದ್ದರೆ ಕೊಳವೆಬಾವಿಯೇ ಗತಿ. ಶಾಲೆಯಲ್ಲಿ ಕನ್ನಡ ಓದಿದವರೂ ಮನೆಯಲ್ಲಿ ತೆಲುಗು ಆಡುತ್ತಾರೆ. ಇದು ನನ್ನ ತವರು. ಮಗಳನ್ನು ಎತ್ತಿಕೊಂಡು ಮೊದಲ ಸಲ ಇಲ್ಲಿಗೆ ಬಂದಾಗ ಅವಳಿಗೆ ಒಂಬತ್ತು ತಿಂಗಳು.

ಒಂಬತ್ತು ಅನ್ನೋದು ಕ್ಯಾಲೆಂಡರ್ ಲೆಕ್ಕ. ಅವಳು ಹುಟ್ಟಿದ್ದು 30 ವಾರಕ್ಕೆ, ತೂಕ 1,200 ಗ್ರಾಂ. 37 ವಾರ ತುಂಬುವ ಮೊದಲೇ ಹುಟ್ಟಿದರೆ ಅವಧಿಪೂರ್ವ ಶಿಶು. ಪೂರ್ತಿ ಅವಧಿ 40 ವಾರ ಅಂತ ಹಿಡಿದರೆ ನಮ್ಮವಳು 10 ವಾರ ಮುಂಚೆ ಬಂದವಳು. ಕತ್ತು ನಿಲ್ಲೋದು, ಕೂರೋದು, ನಡೆಯೋದು ನೋಡುವಾಗ ಆ 10 ವಾರ ಕಳೆದು ನೋಡಬೇಕು. ಆ ಲೆಕ್ಕಕ್ಕೆ ಅವಳಿಗೆ ಆರೂವರೆ ತಿಂಗಳು ಅಷ್ಟೇ. ಸುಮಾರು ಎರಡು ವರ್ಷದವರೆಗೂ ಹೀಗೆ ಕಳೆಯುತ್ತಾರೆ. ಲಸಿಕೆಗೆ ಮಾತ್ರ ಈ ರಿಯಾಯಿತಿ ಇಲ್ಲ, ಅದು ಹುಟ್ಟಿದ ದಿನದಿಂದಲೇ.

ಇದನ್ನೆಲ್ಲ ಜಗಲಿಯಲ್ಲಿ ಕೂತವರಿಗೆ ಹೇಗೆ ಹೇಳೋದು? "ಪಾಪ ಇಂಕಾ ಕೂಚೋಲೇದಾ?" ಅಂತ ಮೊದಲು ಕೇಳಿದ್ದು ಪಕ್ಕದ ಮನೆ ಅಜ್ಜಿ. ಅವರ ಮೊಮ್ಮಗ ಅದೇ ತಿಂಗಳಲ್ಲಿ ಹುಟ್ಟಿದವನು, ಆಗಲೇ ಗೋಡೆ ಹಿಡಿದು ನಿಲ್ಲುತ್ತಿದ್ದ. ಕೇಳುವವರ ಮನಸ್ಸಲ್ಲಿ ಕೆಟ್ಟದ್ದೇನೂ ಇರಲ್ಲ, ನನಗೆ ಗೊತ್ತು. ಆದರೂ ಐದನೆಯವರು ಕೇಳುವ ಹೊತ್ತಿಗೆ ಗಂಟಲು ಕಟ್ಟುತ್ತೆ. ಮಗುವನ್ನು ಬಲವಂತವಾಗಿ ದಿಂಬು ಕೊಟ್ಟು ಕೂರಿಸೋಣ ಅನ್ನಿಸಿಬಿಡುತ್ತೆ.

ನನ್ನ ಪರವಾಗಿ ಮಾತಾಡಿದ್ದು ಅಮ್ಮ. ಅದೂ ಹುಳು ಮನೆಯಲ್ಲಿ, ಸೊಪ್ಪು ಹಾಕುತ್ತಾ. ರೇಷ್ಮೆ ಸಾಕದವರಿಗೆ ಒಂದು ಮಾತು ಹೇಳಬೇಕು: ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಚರ್ಮ ಬಿಡುತ್ತೆ. ನಮ್ಮ ಕಡೆ ಅದಕ್ಕೆ ಜ್ವರ ಅಂತಾರೆ. ಜ್ವರಕ್ಕೆ ಕೂತ ಹುಳು ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತೆ, ಏನೂ ತಿನ್ನಲ್ಲ. ಎಲ್ಲವೂ ಒಂದೇ ಗಳಿಗೆಗೆ ಏಳಲ್ಲ. ಹೆಚ್ಚುಕಡಿಮೆ ಎಲ್ಲ ಎದ್ದ ಮೇಲೇ ಸೊಪ್ಪು. "ಹಿಂದೆ ಬಿದ್ದಿದ್ದನ್ನ ಅಲ್ಲಾಡಿಸಿ ಎಬ್ಬಿಸೋಕಾಗುತ್ತಾ ಅಕ್ಕಾ? ನಮ್ ಪಾಪುದೂ ಅಷ್ಟೇ" ಅಂತ ಅಮ್ಮ ಅಜ್ಜಿಗೆ ಅಂದಳು. ಹುಳುವಿಗೂ ಮಗುವಿಗೂ ಹೋಲಿಕೆ ಅಷ್ಟು ಸರಿಯಿಲ್ಲ ಬಿಡಿ, ಆದರೆ ಅಜ್ಜಿಗೆ ತಟ್ಟನೆ ಅರ್ಥವಾಯಿತು. ವಾರಗಳ ಲೆಕ್ಕ ಹೇಳಿದ್ದರೆ ಆಗುತ್ತಿತ್ತೋ ಇಲ್ಲವೋ.

ಹಾಗಂತ ಕಾಯೋದು ಅಂದರೆ ಸುಮ್ಮನೆ ಕೂರೋದಲ್ಲ. ಕಳೆದ ಲೆಕ್ಕದಲ್ಲೂ ನಾಲ್ಕು ತಿಂಗಳಿಗೆ ಕತ್ತು ನಿಲ್ಲದಿದ್ದರೆ, ಒಂಬತ್ತು ತಿಂಗಳಾದರೂ ಕೂರದಿದ್ದರೆ, ಹದಿನೆಂಟಕ್ಕೂ ನಡೆಯದಿದ್ದರೆ, ವರ್ಷ ತುಂಬುವ ಮೊದಲೇ ಒಂದೇ ಕೈ ಬಳಸುತ್ತಿದ್ದರೆ, ಮೈ ಬಿಗಿಯಾಗಿದ್ದರೆ ಡಾಕ್ಟರಿಗೆ ತೋರಿಸಲೇಬೇಕು. ಇಂಥ ಮಕ್ಕಳಿಗಾಗಿಯೇ ಜಿಲ್ಲಾ ಮಟ್ಟದಲ್ಲಿ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳನ್ನು 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಮಾಡಿದ್ದಾರೆ. ಆಶಾ ಅಕ್ಕನನ್ನು ಕೇಳಿದರೆ ದಾರಿ ಹೇಳುತ್ತಾರೆ.

ಕಣ್ಣಿನ ವಿಷಯದಲ್ಲಂತೂ ತಾಳ್ಮೆ ಬೇಡವೇ ಬೇಡ. 34 ವಾರಕ್ಕೆ ಮೊದಲು ಹುಟ್ಟಿದ, ಅಥವಾ ಎರಡು ಕೆ.ಜಿ.ಗಿಂತ ಕಡಿಮೆಯಿದ್ದ ಮಗುವಿನ ಅಕ್ಷಿಪಟಲವನ್ನು 30 ದಿನದೊಳಗೆ ಪರೀಕ್ಷಿಸಬೇಕು. ತಡವಾದರೆ ದೃಷ್ಟಿಯೇ ಹೋಗಬಹುದು. ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಲ್ಲಿ ಕಿಡ್ರಾಪ್ ಅಂತ ಶುರು ಮಾಡಿ, ಹಳ್ಳಿ ಸೀಮೆಯ ಶಿಶುಗಳ ಕಣ್ಣಿನ ಚಿತ್ರ ತೆಗೆದು ದೂರದ ತಜ್ಞರಿಗೆ ಕಳಿಸುವ ಕೆಲಸ ಮಾಡುತ್ತಿದ್ದಾರೆ.

ಈಗ ಮಗಳಿಗೆ ಕ್ಯಾಲೆಂಡರಿನಲ್ಲಿ ಹದಿನಾಲ್ಕು ತಿಂಗಳು, ನಮ್ಮ ಲೆಕ್ಕಕ್ಕೆ ಹನ್ನೊಂದೂವರೆ. ಹುಳು ಮನೆ ಹೊರಗೆ ಒರಗಿಸಿಟ್ಟ ಚಂದ್ರಿಕೆ ಹಿಡಿದು ನಿಲ್ಲುತ್ತಾಳೆ. ಅವಳು ನಡೆದ ಮೇಲೆ ಕೈವಾರಕ್ಕೆ ಕರೆದುಕೊಂಡು ಹೋಗಬೇಕು ಅಂತ ಅಮ್ಮ ಹರಕೆ ಹೊತ್ತಿದ್ದಾಳೆ. ಯಾವಾಗ ಅಂತ ಅಜ್ಜಿ ಕೇಳಿದರೆ, "ಇನ್ನೂ ಟೈಮ್ ಇದೆ" ಅಂತಾಳೆ.