ತುಟಿಯ ಬಣ್ಣ

ತುಟಿಗೆ ಬಣ್ಣ ಹಚ್ಚುವುದೆಂದೊಡನೆ ನಮ್ಮ ಹಿರಿಯರಲ್ಲಿ ಅನೇಕರು ಹುಬ್ಬು ಗಂಟಿಕ್ಕುತ್ತಾರೆ. ಅವರೇ ಊಟವಾದ ಮೇಲೆ ಎಲೆ, ಅಡಿಕೆ, ಸುಣ್ಣಗಳನ್ನು ಮೆದ್ದು, ತುಟಿಯನ್ನು ದಾಳಿಂಬೆಯ ಹೂವಿನಂತೆ ಕೆಂಪಗೆ ಮಾಡಿಕೊಂಡು ಜಗಲಿಯಲ್ಲಿ ಕುಳಿತಿರುತ್ತಾರೆ. ತಾಂಬೂಲದ ಕೆಂಪಿಗಿರುವ ಮರ್ಯಾದೆ ಡಬ್ಬಿಯ ಕೆಂಪಿಗೆ ಏಕಿಲ್ಲವೆಂದು ಕೇಳಿದರೆ ಉತ್ತರಕ್ಕೆ ಬದಲು ಪೀಕದಾನಿಯ ಕಡೆಗೆ ತಿರುಗುತ್ತಾರೆ.

ನಾನು ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿ. ಅಲಂಕಾರಶಾಸ್ತ್ರ ನನ್ನ ವಿಷಯವಲ್ಲ. ಆದರೆ ವಾರ್ಷಿಕೋತ್ಸವದ ನಾಟಕಕ್ಕೆ ಮಕ್ಕಳ ಮುಖಕ್ಕೆ ಬಣ್ಣ ಬಳಿಯುವ ಕೆಲಸ ಪ್ರತಿವರ್ಷವೂ ನನ್ನ ಪಾಲಿಗೇ ಬರುತ್ತದೆ. ಬೆಂಗಳೂರು-ಹೈದರಾಬಾದು ಹೆದ್ದಾರಿಯ ಬದಿಯ ನಮ್ಮ ಕೊಡಿಕೊಂಡದಲ್ಲಿ ಬೀದಿಯ ಮಾತು ತೆಲುಗು, ನಮ್ಮ ಮಕ್ಕಳ ನಾಟಕ ಕನ್ನಡ. ನೋಡಬಂದವರಲ್ಲಿ ಅರ್ಧಮಂದಿಯ ಕಿವಿಗೆ ನಮ್ಮ ನುಡಿ ಹೊಸದು. ಅಂಥ ಕಡೆ ಕಿವಿಗೆ ಕಣ್ಣು ನೆರವಾಗಬೇಕು. ಆಡುವವರ ತುಟಿ ದೂರಕ್ಕೂ ಕಾಣಬೇಕು.

ಇಲ್ಲಿ ಒಂದು ವಿನೋದವುಂಟು. ಹಳಗನ್ನಡದ ಪಾಲು, ಪುಲಿ, ಪಾವು ನಮ್ಮಲ್ಲಿ ಹಾಲು, ಹುಲಿ, ಹಾವು ಆದವು; ತೆಲುಗಿನಲ್ಲಿ ಪಾಲು, ಪುಲಿ, ಪಾಮು ಹಾಗೆಯೇ ಉಳಿದವು. ಪಕಾರಕ್ಕೆ ತುಟಿಗಳೆರಡೂ ಕೂಡಬೇಕು, ಹಕಾರಕ್ಕೆ ಬೇಡ. ಮನೆಯಲ್ಲಿ ತೆಲುಗಾಡುವ ಮಗು ರಂಗದ ಮೇಲೆ ‘ಹಾಲು’ ಎನ್ನುವಾಗ ಅದರ ತುಟಿ ತೆರೆದೇ ಇದೆಯೆಂಬುದನ್ನು ಕಡೆಯ ಸಾಲಿನಿಂದಲೂ ಗುರುತಿಸಬಹುದು.

ಬಣ್ಣ ನಿಲ್ಲಬೇಕಾದರೆ ಅದನ್ನು ದಪ್ಪಗೆ ಮೆತ್ತಬಾರದು. ಮೇಣ, ಎಣ್ಣೆ, ವರ್ಣದ್ರವ್ಯ ಇವುಗಳ ಮಿಶ್ರಣವೇ ತುಟಿಬಣ್ಣ. ಎಣ್ಣೆ ಹೆಚ್ಚಾದರೆ ಜಾರುತ್ತದೆ. ಒಡೆದ ತುಟಿಗೆ ಹಿಂದಿನ ರಾತ್ರಿಯೇ ಕೊಬ್ಬರಿಯೆಣ್ಣೆ ಸವರಿ, ಹಚ್ಚುವ ಮುನ್ನ ಜಿಡ್ಡನ್ನು ಪೂರ್ತಿ ಒರೆಸಬೇಕು. ಮೊದಲು ಅಂಚಿನ ಗೆರೆ, ಆಮೇಲೆ ಒಳಗಿನ ಬಣ್ಣ. ನೆರೆಯ ಲೇಪಾಕ್ಷಿಯ ವೀರಭದ್ರ ದೇಗುಲದಲ್ಲಿ 16ನೆಯ ಶತಮಾನದ ಚಿತ್ರಗಳನ್ನು ತಲೆಯೆತ್ತಿ ನೋಡಿದವರಿಗೆ, ಕಪ್ಪು ಗೆರೆಯೊಂದು ಆಕಾರವನ್ನು ಹೇಗೆ ಹಿಡಿದಿಡುತ್ತದೆಂದು ಹೇಳಬೇಕಾಗಿಲ್ಲ. ತೆಳುವಾಗಿ ಒಂದು ಲೇಪ ಕೊಟ್ಟು, ಕಾಗದವನ್ನು ತುಟಿಗಳ ನಡುವೆ ಒತ್ತಿಸಿ, ತುಸು ಪೌಡರು ತಾಕಿಸಿ, ಮತ್ತೊಂದು ಲೇಪ ಕೊಡಬೇಕು. ಮಿಕ್ಕ ಜಿಡ್ಡನ್ನು ಪೌಡರು ಹೀರಿಕೊಳ್ಳುತ್ತದೆ. ಒಬ್ಬರಿಗೆ ತಾಕಿಸಿದ ಹತ್ತಿಯ ಕಡ್ಡಿಯನ್ನು ಇನ್ನೊಬ್ಬರಿಗೆ ಮುಟ್ಟಿಸಬಾರದು. ಬಾಯಿಹುಣ್ಣು ಹಾಗೆಯೇ ಹರಡೀತು. ಇಂಗಳೀಕವಂತೂ ಸರ್ವಥಾ ಕೂಡದು; ಅದು ಪಾದರಸ, ಗಂಧಕಗಳ ಸಂಯುಕ್ತ.

ಒಂದು ವರ್ಷ ಮುಖ್ಯ ಪಾತ್ರದ ಹುಡುಗಿಯ ತಂದೆ, ಮಗಳ ತುಟಿಗೆ ಬಣ್ಣ ಬಳಿದು ಊರೆದುರು ನಿಲ್ಲಿಸಲಾರೆನೆಂದು ಹಟ ಹಿಡಿದರು. ಬಣ್ಣವಿಲ್ಲದೆ ಆಡಿಸಬಹುದಿತ್ತು, ಆದರೆ ಬಣ್ಣದ ಜೊತೆಗೆ ಪಾತ್ರವೂ ಬೇಡವೆಂದರು. ತಾಡಪತ್ರಿಯಲ್ಲಿ ಹುಟ್ಟಿದ ಬಳ್ಳಾರಿ ರಾಘವ (1880–1946) ವಕೀಲರಾಗಿದ್ದೂ ಬಣ್ಣ ಹಚ್ಚಿದರೆಂದೂ, ಸ್ತ್ರೀಪಾತ್ರಗಳನ್ನು ಸ್ತ್ರೀಯರೇ ಆಡಲೆಂದು ಪ್ರೋತ್ಸಾಹಿಸಿದರೆಂದೂ ನಾನು ಹೇಳಿದೆ. “ಅವ್ರು ದೊಡ್ಡೋರು ಟೀಚರಮ್ಮ, ನಮ್ಮ ಮಾತು ಬೇರೆ” ಎಂದರು. ನನ್ನ ವಾದ ಅಲ್ಲಿಗೆ ಮುಗಿಯಿತು.

ಮೂಲೆಯಲ್ಲಿ ಕುಳಿತಿದ್ದ ಅಜ್ಜಿಗೆ ಕಿವಿ ಮಂದ. ಇಷ್ಟು ಹೊತ್ತೂ ನಮ್ಮಿಬ್ಬರ ಬಾಯನ್ನೇ ನೋಡುತ್ತಿದ್ದ ಅವರು, “ಬಳೀಲಿ ಬಿಡೋ. ಕೂಸು ಏನ್ ಹೇಳ್ತದೋ ನಂಗೂ ತಿಳೀಬೇಡ್ವಾ?” ಎಂದರು. ಹುಡುಗಿ ನಾಟಕವಾಡಿದಳು. ಅಜ್ಜಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿದ್ದೆವು. ಮೊಮ್ಮಗಳ ಮಾತು ಮುಗಿಯುವ ಮೊದಲೇ ಅವರು ನಕ್ಕುಬಿಟ್ಟರು.

ಉಪಾಧ್ಯಾಯ ಬಂಧುಗಳಲ್ಲಿ ನನ್ನ ಬಿನ್ನಹ ಇಷ್ಟೆ: ನಾಟಕ ಮುಗಿದ ರಾತ್ರಿಯೇ ಮಕ್ಕಳ ತುಟಿಯ ಬಣ್ಣವನ್ನು ಎಣ್ಣೆಯಿಂದ ಒರೆಸಿ ಮನೆಗೆ ಕಳುಹಿಸಿರಿ. ಬಣ್ಣದ ಡಬ್ಬಿ ತೆರೆಯುವುದಕ್ಕೆ ಒಂದು ತಿಂಗಳು ಮೊದಲೇ ಮಾತನ್ನು ತಿದ್ದಿರಿ. ಚೆನ್ನಾಗಿ ಕಾಣುವ ತುಟಿಯಲ್ಲಿ ತಪ್ಪೂ ಚೆನ್ನಾಗಿ ಕಾಣುತ್ತದೆ.